ಮನೆ ಗೆದ್ದವರು ಯಾರು?

ರೋಣ, ನರಗುಂದ, ಗಜೇಂದ್ರಗಡ, ಈ ಕಡೆ ಯಾವ ಸಮಾರಂಭಕ್ಕೆ ಹೋದರೂ ಭಾಷಣಕಾರರಲ್ಲಿ ಒಬ್ಬರಾದರೂ ‘ಮನೆ ಗೆದ್ದು ಮಾರು ಗೆಲ್ಲು’ ಎನ್ನದೆ ಮೈಕು ಬಿಡುವುದಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಾದರೆ ಈ ಗಾದೆ ಗುಳೆ ಹೋದವರ ತಲೆಯ ಮೇಲೆ ಬೀಳುತ್ತದೆ. ಮಳೆ ಕೈಕೊಟ್ಟ ವರ್ಷ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಗೋವಾಕ್ಕೋ ಮಂಗಳೂರಿಗೋ ಗಾರೆ ಕೆಲಸಕ್ಕೆ ಹೋದ ತಂದೆತಾಯಿಗೆ, ದುಡಿಮೆ ಆಮೇಲೆ ಇರಲಿ, ಮೊದಲು ಮಕ್ಕಳನ್ನು ನೋಡಿಕೊಳ್ಳಿ ಎಂಬ ಉಪದೇಶ. ಅದನ್ನು ಕೇಳಬೇಕಾದವರು ಆ ಹೊತ್ತಿಗೆ ಯಾವುದೋ ಊರಿನ ಐದನೇ ಮಹಡಿಯಲ್ಲಿ ಬುಟ್ಟಿ ಹೊರುತ್ತಿರುತ್ತಾರೆ. ಮೊಮ್ಮಗನ ಕುಣಿತ ನೋಡಲು ಬಂದ ಅಜ್ಜಿ ಅವರ ಪಾಲಿನ ಬೈಗುಳವನ್ನು ಕೂತು ಕೇಳಿಸಿಕೊಳ್ಳುತ್ತಾಳೆ. ಚರ್ಚಿನಲ್ಲಿ ಹೊಸ ಸಭಾಪಾಲಕರನ್ನು ಬರಮಾಡಿಕೊಳ್ಳುವ ದಿನವೂ ಇದೇ ಗಾದೆ. ಅಲ್ಲಿ ಅದಕ್ಕೆ ಜೊತೆಯಾಗಿ ತಿಮೊಥೆಯನಿಗೆ ಪೌಲನು ಬರೆದ ಮೊದಲ ಪತ್ರದ ಮೂರನೇ ಅಧ್ಯಾಯ ಬರುತ್ತದೆ. ಸ್ವಂತ ಮನೆ ನಡೆಸಲಾರದವನು ದೇವರ ಸಭೆಯನ್ನು ಹೇಗೆ ನಡೆಸಿಯಾನು ಎಂಬ ಮಾತು ಗಾದೆಗೆ ಜೋಡಿ ಎತ್ತಿನಂತೆ ಹೊಂದಿಕೊಳ್ಳುತ್ತದೆ.

ಗಾದೆಗೆ ರಾಜಕಾರಣಿಗಳು ಹೇಳುವ ಅರ್ಥ ಎಲ್ಲರಿಗೂ ಗೊತ್ತು: ಸ್ವಂತ ಊರಿನ ಬೂತಿನಲ್ಲಿ ಲೀಡ್ ತೆಗೆ, ಆಮೇಲೆ ಬೆಂಗಳೂರಿನ ಮಾತು. ಅದನ್ನು ಅವರಿಗೇ ಬಿಡೋಣ. ಮನೆಯ ಜಗಳ ಬೀದಿಗೆ ತರಬೇಡ ಎಂದು ಹೇಳುವವರಿದ್ದಾರೆ. ಅದಕ್ಕೆ ಬೇರೆ ಗಾದೆಗಳೇ ಇವೆ, ಇದನ್ನು ಎಳೆದು ತರಬೇಕಾಗಿಲ್ಲ. ಹೆಚ್ಚು ಜನ ಒಪ್ಪಿರುವುದು ಸರದಿಯ ಅರ್ಥ: ಮೊದಲು ಮನೆ, ಅದು ಮುಗಿದ ಮೇಲೆ ಹೊರಗೆ. ಮನೆ ಗೆದ್ದು ಮುಗಿಯುವುದು ಯಾವಾಗ ಎಂದು ಮಾತ್ರ ಇವರು ಹೇಳುವುದಿಲ್ಲ. ಸೊಸೈಟಿಯ ಸಾಲ ತೀರಿದ ಮೇಲೆಯೇ? ಕಿರಿ ಮಗಳ ಮದುವೆಯಾದ ಮೇಲೆಯೇ? ಹಾಗೆ ಕಾಯುತ್ತ ಕೂತಿದ್ದರೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ.

ನನಗೆ ಕಾಣುವ ಅರ್ಥ ಬೇರೆ. ಗಾದೆ ಒಬ್ಬನಿಗೇ ಎರಡು ಕೆಲಸ ಹೇಳುತ್ತದೆ. ಬದುಕಿನಲ್ಲಿ ಆ ಎರಡನ್ನೂ ಮಾಡುವವರು ಇಬ್ಬರು. ಮಾರು ಗೆದ್ದವನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಅವನಿಗಾಗಿ ಮನೆ ಗೆದ್ದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಗಾದೆಯನ್ನು ಬುದ್ಧಿಮಾತೆಂದು ಎಳೆಯರಿಗೆ ಹೇಳುವುದಕ್ಕಿಂತ ಗೆದ್ದು ಬಂದವರ ಮುಂದೆ ಪ್ರಶ್ನೆಯಾಗಿ ಇಡಬೇಕು: ನಿನ್ನ ಪಾಲಿನ ಮನೆಯನ್ನು ಗೆದ್ದುಕೊಟ್ಟವರು ಯಾರು, ಅವರು ತೆತ್ತದ್ದೇನು? ಈ ಪ್ರಶ್ನೆಯನ್ನು ಕೇಳಿ ನೋಡಲು ನಮ್ಮ ಗದಗ ಜಿಲ್ಲೆಯಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ.

ಆ ಉದಾಹರಣೆ ಕ್ರೈಸ್ತಮತ ಸಾರಲು ಯುರೋಪಿನ ಬಾಸೆಲ್ಲಿನಿಂದ ಬಂದ ಬಾಸೆಲ್ ಮಿಶನ್. ಅದರ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿಂದ ಘಟ್ಟ ಹತ್ತಿ 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಗದಗಿನ ಪಕ್ಕದ ಬೆಟಗೇರಿ, 1851ಕ್ಕೆ ಗುಳೇದಗುಡ್ಡ. ನಮ್ಮವರು ಈಗ ಗುಳೆ ಹೋಗುವ ದಾರಿಯಲ್ಲೇ ಅವರು ಎದುರಿನಿಂದ ಬಂದರು ಅನ್ನಬಹುದು. ಬೆಟಗೇರಿ, ಗುಳೇದಗುಡ್ಡ ಎರಡೂ ನೇಕಾರರ ಊರು. ಸಂತೆ, ಜಾತ್ರೆಗಳಲ್ಲಿ ನಿಂತು ಉಪದೇಶ ಮಾಡುವುದು, ಶಾಲೆ ತೆರೆಯುವುದು, ಪುಸ್ತಕ ಹಂಚುವುದು ಅವರ ಕ್ರಮ. ಗದಗಿನ ಹತ್ತಿರ ಮಲಸಮುದ್ರದಲ್ಲಿ ಭೂಮಿ ಹಿಡಿದು ಒಂದು ಹೊಸ ವಸಾಹತನ್ನೇ ಕಟ್ಟಹೊರಟರು. ಕಾಲಜ್ಞಾನವನ್ನು ನಂಬಿದ ಮಂದಿ ಗುಂಪುಗುಂಪಾಗಿ ಬಂದು ಅಲ್ಲಿ ನೆಲೆಸುತ್ತಾರೆ ಎಂಬ ನಿರೀಕ್ಷೆಯಿತ್ತು. ಅದು ಕೈಗೂಡಲಿಲ್ಲ. ಮಾರಿನ ಲೆಕ್ಕ ಹಾಕಿ ಮನೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಮಲಸಮುದ್ರದ ಕಥೆ ಸಾಕು.

ಅವರ ಸ್ವಂತ ಮನೆಗಳ ವಿಷಯಕ್ಕೆ ಬರುತ್ತೇನೆ. ಮದುವೆಯ ನಿರ್ಧಾರ ಮಿಶನರಿಯ ಕೈಯಲ್ಲಿರಲಿಲ್ಲ. ಬಂದು ಒಂದೆರಡು ವರ್ಷ ಒಂಟಿಯಾಗಿ ದುಡಿದು ತೋರಿಸಬೇಕು, ಆಮೇಲೆ ಬಾಸೆಲ್ಲಿನ ಸಮಿತಿಗೆ ಅರ್ಜಿ ಬರೆಯಬೇಕು. ಸಮಿತಿ ಒಪ್ಪಿದರೆ ಹೆಣ್ಣು ಹಡಗು ಹತ್ತುತ್ತಾಳೆ. ಎಷ್ಟೋ ಹೆಣ್ಣುಮಕ್ಕಳು ಗಂಡನಾಗುವವನ ಮುಖವನ್ನು ಮೊದಲು ಕಂಡದ್ದೇ ಇಲ್ಲಿ ಬಂದು ಇಳಿದ ಮೇಲೆ. ಇದು ನಮಗೆ ಅಷ್ಟೇನೂ ವಿಚಿತ್ರವಲ್ಲ, ನಮ್ಮ ಅಜ್ಜಿಯಂದಿರ ಮದುವೆಗಳೂ ಹೀಗೇ ಆದವು. ಮಕ್ಕಳ ವಿಷಯ ಹಾಗಲ್ಲ. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸಿಬಿಡಬೇಕು ಎಂದು ಸಮಿತಿ 1853ರಲ್ಲಿ ನಿಯಮವನ್ನೇ ಮಾಡಿತು. ಇಲ್ಲಿನ ಬಿಸಿಲು, ಜ್ವರ, ಭೇದಿಗಳ ಅಂಜಿಕೆ ಒಂದು ಕಡೆ, ಇಲ್ಲಿನ ಮಕ್ಕಳ ಜೊತೆ ಬೆಳೆದು ಇಲ್ಲಿಯವರೇ ಆಗಿಬಿಟ್ಟಾರು ಎಂಬ ಅಂಜಿಕೆ ಇನ್ನೊಂದು ಕಡೆ. ಬಾಸೆಲ್ಲಿನಲ್ಲಿ ಅವರಿಗಾಗಿ ಮಕ್ಕಳ ಮನೆ ತೆರೆದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ; ಅದಕ್ಕೆ ಮೊದಲು ಕಾಗದವೊಂದು ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಪೌಲನ ಮಾತನ್ನು ಪೀಠದಿಂದ ಓದಿದವರೇ ಸ್ವಂತ ಮಕ್ಕಳನ್ನು ಪರರ ಕೈಗೆ ಒಪ್ಪಿಸಿದ್ದರು. ನಮ್ಮ ಶಾಲೆಯ ವೇದಿಕೆ ಅವರಿಗೆ ಸಿಕ್ಕಿದ್ದರೆ ಅವರಿಗೂ ಇದೇ ಗಾದೆಯಿಂದ ಸತ್ಕಾರವಾಗುತ್ತಿತ್ತು.

ಇದೇ ಮಿಶನ್ನಿನವರಾಗಿ ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್ ಅವರ ಮಗಳು ಮರಿಯಾ ಹುಟ್ಟಿದ್ದು 1842ರಲ್ಲಿ, ಅಲ್ಲಿಯೇ. ನಿಯಮ ಬರುವುದಕ್ಕೂ ಮೊದಲೇ, ಇನ್ನೂ ಪುಟ್ಟ ಮಗುವಾಗಿದ್ದಾಗ, ರಜೆಗೆ ಯುರೋಪಿಗೆ ಹೋದ ತಂದೆತಾಯಿ ಅವಳನ್ನು ಅಲ್ಲೇ ಬಿಟ್ಟು ಬಂದರು. ಮಗಳು ತಿರುಗಿ ಅವರ ಬಳಿ ಬಂದದ್ದು 1857ರ ಕೊನೆಗೆ, ಹದಿನೈದರ ಹುಡುಗಿಯಾಗಿ. ಅವಳ ಬಾಲ್ಯವೆಲ್ಲ ನಡುವಿನ ಆ ವರ್ಷಗಳಲ್ಲೇ ಕಳೆದುಹೋಗಿತ್ತು. ಮುಂದೆ ಈ ಮರಿಯಾಳ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ಜಗತ್ತು ಆ ಮಗನನ್ನೂ ಆ ತಾತನನ್ನೂ ನೆನೆಯುತ್ತದೆ. ತಾತನ ಮಲಯಾಳಂ ನಿಘಂಟು ಇಂದಿಗೂ ಉಲ್ಲೇಖಗೊಳ್ಳುತ್ತದೆ. ಆ ನಿಘಂಟಿನ ಖರ್ಚಿನಲ್ಲಿ ಒಂದು ಪಾಲನ್ನು ಈ ಹುಡುಗಿ ತೆತ್ತಳು ಎಂದು ನಾನು ಹೇಳಿದರೆ ಅತಿಶಯವೆನ್ನುವವರಿದ್ದಾರೆ. ಅವರ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ.

ಕನ್ನಡದ ನಿಘಂಟಿಗೂ ಇದೇ ಮಾತು. ಇದೇ ಮಿಶನ್ನಿನ ಕಿಟ್ಟೆಲ್ 1853ರಲ್ಲಿ ಬಂದು ಧಾರವಾಡ, ಹುಬ್ಬಳ್ಳಿಗಳಲ್ಲಿ ಕನ್ನಡ ಕಲಿತರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಅಚ್ಚಾಯಿತು. ನಮ್ಮ ಓಣಿಯ ಗಾದೆಗಳನ್ನು ಅದರ ತುಂಬ ಉದಾಹರಣೆಯಾಗಿ ಸುರಿದಿದ್ದಾರೆ. 1860ರಲ್ಲಿ ಮದುವೆಯಾದ ಅವರ ಹೆಂಡತಿ ಪಾಲಿನಾ ನಾಲ್ಕೇ ವರ್ಷಕ್ಕೆ ತೀರಿಕೊಂಡರು. ಆಮೇಲೆ ಹೆಂಡತಿಯಾಗಿ ಆ ಮನೆಗೆ ಬಂದವರು ಪಾಲಿನಾ ಅವರ ತಂಗಿ ಜೂಲಿ. ಮಿಶನ್ನಿನ ಇನ್ನೊಬ್ಬರು ಮೋಗ್ಲಿಂಗ್, ಅವರ ಕಥೆಯೂ ಹೆಚ್ಚು ಬೇರೆಯಲ್ಲ: ಸೋದರಸಂಬಂಧಿ ವೈಗ್ಲೆ 1855ರಲ್ಲಿ ಸತ್ತ ಮೇಲೆ ಅವರ ವಿಧವೆಯನ್ನು, ಅವರ ಹೆಸರೂ ಪಾಲಿನಾ, ಮದುವೆಯಾದರು. ಒಂದು ಮನೆ ಮುರಿದರೆ ಅದರಲ್ಲಿ ಉಳಿದವರನ್ನು ಕೂಡಿಸಿ ಇನ್ನೊಂದು ಮನೆ ಕಟ್ಟಿಕೊಂಡರು. ಈ ಹೆಂಗಸರು ಮಾಡಿದ ಕೆಲಸಕ್ಕೆ ಸಂಬಳವಿರಲಿಲ್ಲ. ಹೆಣ್ಣುಮಕ್ಕಳ ಶಾಲೆ, ಅನಾಥ ಹುಡುಗಿಯರ ಬೋರ್ಡಿಂಗು, ಹೊಲಿಗೆ, ರೋಗಿಗಳ ಆರೈಕೆ, ಬಾಣಂತಿಯರ ಉಪಚಾರ ಎಲ್ಲ ಅವರ ಕೈಯಲ್ಲೇ. ಸ್ವಂತ ಮಕ್ಕಳನ್ನು ಹಡಗು ಹತ್ತಿಸಿ ಬಂದವರು ಮರುದಿನ ಬೋರ್ಡಿಂಗಿನ ಮಕ್ಕಳ ಹೇನು ತೆಗೆಯಬೇಕಿತ್ತು.

ಇದೇ ಕಾಲಕ್ಕೆ ಇನ್ನೊಂದು ಬಗೆಯ ಮನೆಗಳು ಒಡೆಯುತ್ತಿದ್ದವು. ದೀಕ್ಷಾಸ್ನಾನ ತೆಗೆದುಕೊಂಡವನಿಗೆ ಅದೇ ದಿನ ಮನೆ, ಜಾತಿ, ಬಾವಿ, ಕಸುಬು ನಾಲ್ಕೂ ಮುಚ್ಚುತ್ತಿದ್ದವು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದಾಗ ಊರೇ ಗದ್ದಲವೆದ್ದಿತು. ಹೆಂಡತಿ ಅವರ ಜೊತೆ ಬರಲಿಲ್ಲ. ಬಾಸೆಲ್ಲಿನಲ್ಲಿ ಓದಿ, ಪಾದ್ರಿಯಾಗಿ ದೀಕ್ಷೆ ಪಡೆದು, ತಿರುಗಿ ಬಂದು ಗೆದ್ದರು ಅನ್ನೋಣ. ಆ ಹೆಣ್ಣುಮಗಳಿಗೆ ಏನಾಯಿತೆಂದು ಮಿಶನ್ನಿನ ಕಥೆ ಹೇಳುವವರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಕಾನೂನಿಗೂ ಈ ಒಡೆದ ಮನೆಗಳು ತಲೆನೋವಾದವು: ಮತ ಬಿಟ್ಟವನ ಪಿತ್ರಾರ್ಜಿತದ ಹಕ್ಕು ಹೋಗಬಾರದೆಂದು 1850ರಲ್ಲಿ ಒಂದು ಕಾಯ್ದೆ ಬಂತು, ಜೊತೆಗೆ ಬಾಳಲೊಲ್ಲದ ಗಂಡಹೆಂಡಿರ ಮದುವೆ ಬಿಡಿಸಲು 1866ರಲ್ಲಿ ಇನ್ನೊಂದು. ಕಾಯ್ದೆ ಹೊಲದ ಪಾಲು ಕೊಡಿಸೀತು, ಹಬ್ಬದ ದಿನ ಉಣ್ಣಲು ಕರೆದೀತೇ? ಆದ್ದರಿಂದ ಎಳೆಯ ಸಭೆ ಮೊದಲು ಮಾಡಬೇಕಾದ ಕೆಲಸ ಉಪದೇಶವಾಗಿರಲಿಲ್ಲ. ಮನೆ ಕಳೆದುಕೊಂಡವರಿಗೆ ಮನೆಯಾಗುವುದಾಗಿತ್ತು. ಅನ್ನ, ಕೆಲಸ, ಬೀಗರು, ಸತ್ತರೆ ಹೆಗಲು ಕೊಡುವ ನಾಲ್ಕು ಜನ. ಕೆಲಸಕ್ಕೆಂದೇ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಬೀಗರನ್ನು, ಬಾಣಂತನವನ್ನು, ಬಂದವರಿಗೆ ಒಂದು ರೊಟ್ಟಿ ಹೆಚ್ಚು ಬಡಿಯುವುದನ್ನು ಕಾರ್ಖಾನೆ ಮಾಡಿಕೊಡುವುದಿಲ್ಲ. ಅದನ್ನು ಮಾಡಿದವರು ಮಿಶನ್ ಬಂಗಲೆಯ ಹೆಂಗಸರು, ಮತ್ತು ಅವರಿಗಿಂತ ಹೆಚ್ಚಾಗಿ ಹೊಸದಾಗಿ ಸಭೆಗೆ ಸೇರಿದ ಕನ್ನಡದ ಹೆಣ್ಣುಮಕ್ಕಳು.

ಇದಕ್ಕೆ ಸಾಕ್ಷಿ ಕೇಳುವವರು 1914ರ ನಂತರದ ವರ್ಷಗಳನ್ನು ನೋಡಬೇಕು. ಮೊದಲ ಮಹಾಯುದ್ಧ ಬಂತು, ಮಿಶನ್ನಿನ ಜರ್ಮನ್ ಪಾದ್ರಿಗಳು ಶತ್ರುದೇಶದವರಾದರು. ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ ಆಮೇಲೆ ಹಡಗು ಹತ್ತಿಸಿದರು. ಕಾರ್ಖಾನೆಗಳು ಕೈಬಿಟ್ಟವು. ಮಾರು ಗೆದ್ದವರು ಮಾರಿನಿಂದಲೇ ಹೋದರು. ಸಭೆ ಅಳಿಯಿತೇ? ಇಲ್ಲ. ಬೆಟಗೇರಿಯಲ್ಲಿ, ಹುಬ್ಬಳ್ಳಿಯಲ್ಲಿ, ಗುಳೇದಗುಡ್ಡದಲ್ಲಿ ಅದು ಕನ್ನಡದಲ್ಲೇ ಪ್ರಾರ್ಥನೆ ಮಾಡುತ್ತ, ಕನ್ನಡದಲ್ಲೇ ಹಾಡುತ್ತ ಉಳಿಯಿತು. ಅಷ್ಟು ಹೊತ್ತಿಗೆ ಅದು ಮನೆಗಳಲ್ಲಿ ಬೇರು ಬಿಟ್ಟಿತ್ತು.

ಮಿಶನ್ನಿನ ಆಚೆಗೂ ಇದೇ ಕಥೆ. ಸರ್ಕಾರಗಳಿಗೆ ಮನೆಯ ಬೆಲೆ ಅಳೆಯಲು ಬರುವುದಿಲ್ಲ ಎಂಬುದಕ್ಕೆ ನರಗುಂದಕ್ಕಿಂತ ಬೇರೆ ಉದಾಹರಣೆ ಬೇಡ. ಅಲ್ಲಿನ ಅರಸ ಬಾಬಾಸಾಹೇಬ ಭಾವೆಗೆ ಗಂಡುಮಗುವಿರಲಿಲ್ಲ, ದತ್ತಕ ತೆಗೆದುಕೊಳ್ಳುತ್ತೇನೆ ಎಂದ. ಕಂಪನಿ ಸರ್ಕಾರ ಒಪ್ಪಲಿಲ್ಲ. ಅದು ಅವರಿಗೆ ಒಂದು ಕಡತ, ಅವನಿಗೆ ವಂಶ. ಅವನು ಬಂಡೆದ್ದ: 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ಹೋಯಿತು, ಜೂನಿನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿದರು ಎಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಬಂಡಾಯದ ಕಥೆಯನ್ನು ಗುಡ್ಡದ ಮೇಲಿನ ಕೋಟೆ ತೋರಿಸಿ ಹೇಳುವವರು ಸಾಕಷ್ಟು ಜನರಿದ್ದಾರೆ, ಆ ಇಬ್ಬರು ಹೆಂಗಸರ ಹೆಸರು ಕೇಳಿದರೆ ತಡವರಿಸುತ್ತಾರೆ.

ಗುಳೆ ಹೋದವರನ್ನು ಬೈಯುವ ಭಾಷಣಕ್ಕೆ ನನ್ನ ಆಕ್ಷೇಪ ಇಷ್ಟೇ. ಮಿಶನರಿ ಮಗುವನ್ನು ಬಿಟ್ಟರೆ ತ್ಯಾಗ, ಕೂಲಿಯವನು ಬಿಟ್ಟರೆ ಬೇಜವಾಬ್ದಾರಿ ಎಂದು ಎರಡು ತಕ್ಕಡಿ ಇಡಬಾರದು. ಇಬ್ಬರ ಮಕ್ಕಳೂ ರಾತ್ರಿ ಒಂದೇ ರೀತಿ ಅತ್ತಿದ್ದಾರೆ. ವ್ಯತ್ಯಾಸವೆಂದರೆ ಮಿಶನರಿಯ ಮಕ್ಕಳಿಗೆ ಬಾಸೆಲ್ಲಿನಲ್ಲಿ ಒಂದು ಮನೆಯನ್ನಾದರೂ ಕಟ್ಟಿಕೊಟ್ಟಿದ್ದರು. ಗುಳೆ ಹೋದವರ ಮಕ್ಕಳಿಗೆ ಊರಿನಲ್ಲೇ ಊಟ, ವಸತಿ ಕೊಟ್ಟು ಓದಿಸುವ ಋತುಮಾನದ ವಸತಿ ಶಾಲೆಗಳು ಕಾಗದದಲ್ಲಿ ಬಹಳ ವರ್ಷದಿಂದ ಇವೆ. ಬಿತ್ತನೆ ಮುಗಿದು ಬಸ್ಸು ತುಂಬುವ ಹೊತ್ತಿಗೆ ಅವು ಬಾಗಿಲು ತೆರೆದಿರುತ್ತವೆಯೇ ಎಂದು ವೇದಿಕೆಯ ಮೇಲಿನವರು ಮೊದಲು ವಿಚಾರಿಸಲಿ.

ಇಂದಿನ ಸಭಾಪಾಲಕರ ಮನೆಗಳೂ ನೆಮ್ಮದಿಯಾಗಿಲ್ಲ. ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತ್ಯದಲ್ಲಿ, ಬೇರೆ ಕಡೆಯಂತೆಯೇ, ಕೆಲವು ವರ್ಷಕ್ಕೊಮ್ಮೆ ವರ್ಗ. ಅಯ್ಯನವರಿಗೆ ಹೊಸ ಊರಿನಲ್ಲಿ ಹಾರ, ಶಾಲು. ಮಕ್ಕಳಿಗೆ ಹೊಸ ಶಾಲೆ, ಹೊಸ ಬೆಂಚು, ಅರ್ಧಕ್ಕೆ ನಿಂತ ಗೆಳೆತನ. ಅಮ್ಮನವರು ಭಾನುವಾರದ ಶಾಲೆ ನಡೆಸುತ್ತಾರೆ, ಸ್ತ್ರೀಯರ ಸಂಘ ಕೂಡಿಸುತ್ತಾರೆ, ಯಾರ ಮನೆಯಲ್ಲಿ ಜ್ವರ ಎಂಬುದು ಅಯ್ಯನವರಿಗಿಂತ ಮೊದಲು ಅವರಿಗೇ ತಿಳಿಯುತ್ತದೆ. ಹಳೆಯ ಚರ್ಚುಗಳ ಗೋಡೆಯ ಮೇಲೆ ಅಲ್ಲಿ ಸೇವೆ ಮಾಡಿದ ಪಾದ್ರಿಗಳ ಹೆಸರು, ಇಸವಿ ಕೆತ್ತಿದ ಹಲಗೆಯಿರುತ್ತದೆ. ಹೊಸ ಹಲಗೆ ಮಾಡಿಸುವ ಸಭೆಗಳು ಪ್ರತಿ ಹೆಸರಿನ ಕೆಳಗೆ ಅವರ ಹೆಂಡತಿಯ ಹೆಸರನ್ನೂ ಪೂರ್ತಿಯಾಗಿ ಕೆತ್ತಿಸಲಿ, ಗಂಡನ ಹೆಸರಿಗೆ ಶ್ರೀಮತಿ ಹಚ್ಚಿ ಕೈತೊಳೆದುಕೊಳ್ಳದೆ. ಕೆತ್ತುವವರು ಅಕ್ಷರಕ್ಕಿಷ್ಟು ಎಂದು ಕೂಲಿ ಕೇಳುತ್ತಾರೆ. ಒಂದು ಸುಗ್ಗಿಹಬ್ಬದ ಕಾಣಿಕೆಯಲ್ಲಿ ಅದು ಮುಗಿದು ಹೋಗುವ ಖರ್ಚು.