ಹೊರಗೆ ಹೋಗುವ ಅಪ್ಪಣೆ

ನನ್ನ ಮೊಮ್ಮಗಳು ಮೂಡಲಗಿಯಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ಅರ್ಧ ರೊಟ್ಟಿ ತಟ್ಟೆಯಲ್ಲಿ ಬಿಟ್ಟು ಎದ್ದು ನಿಂತಳು. ಕೈ ಕಟ್ಟಿಕೊಂಡು, "ಮೇ ಐ ಗೋ ಔಟ್, ಅಜ್ಜಾ?" ಎಂದಳು. ಬಚ್ಚಲಿಗೆ ಹೋಗಬೇಕಾಗಿತ್ತು. ಮನೆಯವರೆಲ್ಲ ನಕ್ಕರು, ಸೊಸೆಯ ಮುಖದಲ್ಲಿ ಹೆಮ್ಮೆ. ನಾನೂ ನಗಲು ಹೋದೆ, ನಗೆ ಬರಲಿಲ್ಲ. ಆ ನಾಲ್ಕು ಶಬ್ದಗಳಿಗೂ ನನಗೂ ಒಂದು ಹಳೆಯ ಲೆಕ್ಕವಿದೆ. ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮೇಲೂ ಅದು ತೀರಿಲ್ಲ.

ನಾನು ಇಂಗ್ಲಿಷ್ ಕಲಿತದ್ದು ಹುಕ್ಕೇರಿಯಲ್ಲಿ, 1970ರ ಸುಮಾರಿಗೆ. ನಮಗೆ ಕಲಿಸಿದವರು ಕರಿ ಟೊಪ್ಪಿಗೆಯ ಒಬ್ಬ ಹಿರಿಯ ಮಾಸ್ತರರು. ಮುಂಬಯಿ ಇಲಾಖೆಯ ಕಾಲದಲ್ಲಿ ಕಲಿತವರು. ಮರಾಠಿಯ ತರ್ಖಡಕರ ಭಾಷಾಂತರ ಪಾಠಮಾಲೆಯ ಹರಕು ಪ್ರತಿಯೊಂದು ಯಾವಾಗಲೂ ಅವರ ಚೀಲದಲ್ಲಿರುತ್ತಿತ್ತು. ಅವರ ಪದ್ಧತಿ ಒಂದೇ: ಒಂದು ಶಬ್ದ ಓದುವುದು, ಅದರ ಕನ್ನಡ ಹೇಳುವುದು. "ದಿ ಕಿಂಗ್ ಅಂದರ ಅರಸ, ವಾಜ್ ಅಂದರ ಇದ್ದ." ಇದಕ್ಕೆ ವಿದ್ವಾಂಸರು ವ್ಯಾಕರಣ–ಭಾಷಾಂತರ ಪದ್ಧತಿ ಎನ್ನುತ್ತಾರೆಂದೂ, ಅದು ಬಹಳ ಕೆಟ್ಟದ್ದೆಂದೂ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಆದರೆ ಅವರು ಹೇಳಿದ ಕೆಲವು ಮಾತು ಇಂದಿಗೂ ಮರೆತಿಲ್ಲ. ಇಂಗ್ಲಿಷಿನ 'ಎ', 'ದಿ' ನಮ್ಮವರಿಗೆ ತಲೆನೋವು. ಕನ್ನಡದಲ್ಲಿ ಅವಕ್ಕೆ ಸರಿಯಾದ ಜೋಡಿ ಇಲ್ಲ. ಮಾಸ್ತರರು ಪುಸ್ತಕ ಮುಚ್ಚಿ ಕಥೆ ಸುರು ಮಾಡಿದರು: "ಒಂದೂರಾಗ ಒಬ್ಬ ರಾಜ ಇದ್ದ. ಆ ರಾಜಗ ಇಬ್ಬರು ಹೆಂಡರು." ಅಲ್ಲಿಗೇ ನಿಲ್ಲಿಸಿ, "ಮೊದಲು 'ಒಬ್ಬ' ಅಂದೆ, ಆಮ್ಯಾಲೆ 'ಆ' ಅಂದೆ. ಯಾಕ?" ಎಂದರು. ಗುರುತಿಲ್ಲದವನು 'ಒಬ್ಬ', ಗುರುತಾದವನು 'ಆ'. ನಮ್ಮ ಅಜ್ಜಿಯ ಕಥೆಯಲ್ಲೇ ಇಂಗ್ಲಿಷಿನ ಕೀಲಿಕೈ ಇತ್ತು! "ಇಂಗ್ಲಿಷಿನವ ಕೆಲಸ ಮೊದಲು ಹೇಳ್ತಾನ, ವಸ್ತು ಆಮೇಲೆ. ನಾವು ಕೆಲಸಾನ ಕಡೀಕ ಇಟಗೊಂಡಿರ್ತೇವಿ" ಎಂದದ್ದೂ ಅವರೇ. ವೇಲ್ಸ್‌ನಲ್ಲಿ ಡಾಡ್ಸನ್ ಎಂಬವರು 1967ರಲ್ಲಿ ದ್ವಿಭಾಷಾ ಪದ್ಧತಿಯ ಬಗ್ಗೆ ಪುಸ್ತಕ ಬರೆದರು. ಮಗುವಿನ ಮಾತೃಭಾಷೆಯನ್ನು ತರಗತಿಯಿಂದ ಓಡಿಸಬೇಕಾಗಿಲ್ಲ ಎಂಬುದು ಅವರ ವಾದ. ನಮ್ಮ ಮಾಸ್ತರರು ಅದರ ಹೆಸರನ್ನೂ ಕೇಳಿರಲಿಕ್ಕಿಲ್ಲ.

ಇಷ್ಟಾಗಿಯೂ ಅವರ ಶಿಷ್ಯರಾದ ನಮಗೆ ಇಂಗ್ಲಿಷ್ ಮಾತನಾಡಲು ಬರಲಿಲ್ಲ. ಕಾಲೇಜಿಗೆ ಹೋದಾಗ ಪ್ರಾಧ್ಯಾಪಕರು ಕೇಳಿದ ಸಣ್ಣ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ನಾನು ನೆಲ ನೋಡುತ್ತ ನಿಂತೆ. ಹಿಂದಿನ ಬೆಂಚಿನವರು ನಕ್ಕದ್ದು ಇನ್ನೂ ಕೇಳಿಸುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಈ ಗತಿ ಬರಬಾರದು ಎಂದು ಅಂದೇ ನಿಶ್ಚಯಿಸಿದೆ. ಮುಂದೆ ನಾನು ಮಾಡಿದ ತಪ್ಪಿನ ಬೇರು ಈ ಒಳ್ಳೆಯ ನಿಶ್ಚಯದಲ್ಲೇ ಇತ್ತು.

1984ರಲ್ಲಿ ಗೋಕಾಕದಲ್ಲಿ ನಮಗೆ ಹತ್ತು ದಿನದ ತರಬೇತಿಯಾಯಿತು. ಆಗ ನಮ್ಮಲ್ಲಿ ನಡೆಯುತ್ತಿದ್ದುದು ಸ್ಟ್ರಕ್ಚರಲ್ ಪದ್ಧತಿ. ವಾಕ್ಯಗಳ ಅಚ್ಚುಗಳನ್ನು ಸರಳದಿಂದ ಕಠಿಣಕ್ಕೆ ಜೋಡಿಸಿಟ್ಟು, ಒಂದೊಂದನ್ನೂ ಮಾಡಿ ತೋರಿಸುತ್ತ, ಮಕ್ಕಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುವುದು. ಬಾಗಿಲಿಗೆ ನಡೆಯುತ್ತ "ಐ ಆಮ್ ಗೋಯಿಂಗ್ ಟು ದ ಡೋರ್" ಎನ್ನಬೇಕು. ನಾವು ಐವತ್ತು ಮಂದಿ ಮಾಸ್ತರರು ಒಬ್ಬರ ಹಿಂದೊಬ್ಬರು ಬಾಗಿಲಿಗೆ ಹೋಗಿ ಬಂದದ್ದನ್ನು ಹೊರಗಿನ ಜವಾನ ಬೆರಗಾಗಿ ನೋಡುತ್ತಿದ್ದ. ಕನ್ನಡವನ್ನು ಆದಷ್ಟು ಕಡಿಮೆ ಬಳಸಿ ಎಂದು ನಮಗೆ ಹೇಳಿದರು. ನಾನು 'ಆದಷ್ಟು' ಎಂಬುದನ್ನು ಅಲ್ಲಿಯೇ ಬಿಟ್ಟು ಊರಿಗೆ ಬಂದೆ.

ಮೂಡಲಗಿ ಆಗ ಗೋಕಾಕ ತಾಲೂಕಿನಲ್ಲೇ ಇತ್ತು. ಅದರ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಶಾಲೆ. ಐದನೆಯ ತರಗತಿಗೆ ಇಂಗ್ಲಿಷ್ ಆರಂಭ. ನನ್ನ ತಾಸಿನಲ್ಲಿ ಕನ್ನಡ ಶಬ್ದ ಬಾಯಿಂದ ಬರಕೂಡದು ಎಂದು ನಿಯಮ ಮಾಡಿದೆ. ದಂಡವಿಲ್ಲ, ಹೊಡೆತವಿಲ್ಲ, ಕನ್ನಡದಲ್ಲಿ ಕೇಳಿದ್ದು ನನಗೆ ಕೇಳಿಸುವುದಿಲ್ಲ, ಅಷ್ಟೇ. ಮೊದಲ ತಿಂಗಳಲ್ಲೇ ಹುಡುಗರು ಪೆನ್ನು, ನೀರು, ಸೀಮೆಸುಣ್ಣ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳತೊಡಗಿದರು. ನನಗೆ ಬಹಳ ಸಂತೋಷವಾಯಿತು.

ಒಂದು ಮಧ್ಯಾಹ್ನ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ, ಹೊರಗ ಹೋಗ್ಲೇನ್ರಿ?" ಎಂದಳು. ನಾನು "ಇನ್ ಇಂಗ್ಲಿಷ್" ಎಂದೆ. "ಮೇ ಐ..." ಎಂದು ನಿಂತಳು. ನಾನು ಕಾದೆ. ಗುರು ತಾಳ್ಮೆಯಿಂದ ಕಾಯಬೇಕೆಂದು ತರಬೇತಿಯಲ್ಲಿ ಹೇಳಿದ್ದರಲ್ಲವೇ? "ಯಸ್?" ಎಂದು ನಕ್ಕು ಉತ್ತೇಜನ ಕೊಟ್ಟೆ. ಅವಳು ಕುಳಿತುಬಿಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಸುತ್ತ ನೆಲ ಒದ್ದೆಯಾಯಿತು. ಹುಡುಗರು ನಕ್ಕರು.

ಮರುದಿನ ಅವಳು ಬರಲಿಲ್ಲ. ನಾಲ್ಕನೆಯ ದಿನ ಮನೆಗೆ ಹೋದೆ. ತಾಯಿ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದಳು. "ಅಕಿ ಒಲ್ಲೆ ಅಂತಾಳ್ರಿ ಸರ. ಯಾಕ ಅಂದ್ರ ಬಾಯಿ ಬಿಡವಲ್ಲಳು. ಹೋಗ್ಲಿ ಬಿಡ್ರಿ, ಮನ್ಯಾಗ ಕೆಲಸ ಐತಿ" ಎಂದಳು. ಮಗಳು ತಾಯಿಗೆ ಏನೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅಲ್ಲಿ ಯಾವ ನಿಯಮವೂ ಇರಲಿಲ್ಲ. ನನ್ನದೇ ಭಾಷೆ, ನನ್ನದೇ ಜನ. ಚಹಾ ಕುಡಿದು ಎದ್ದು ಬಂದೆ. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ.

ಎಷ್ಟೋ ವರ್ಷ ತಪ್ಪನ್ನು ಪದ್ಧತಿಯ ಮೇಲೆ ಹಾಕಿ ನೆಮ್ಮದಿಯಿಂದಿದ್ದೆ. ಪದ್ಧತಿ ಎಂಬುದರ ದೊಡ್ಡ ಅನುಕೂಲವೇ ಅದು; ಮಾಡುವವರು ನಾವು, ಹೊಣೆ ಅದರದ್ದು. ನಾವು ಗೋಕಾಕದಲ್ಲಿ ಬಾಗಿಲಿಗೆ ನಡೆಯುತ್ತಿದ್ದ ಹೊತ್ತಿಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನಲ್ಲಿ ಬೇರೊಂದು ಪ್ರಯೋಗ ನಡೆಸಿದ್ದರು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅದು ನಡೆಯಿತು. ಮಕ್ಕಳಿಗೆ ವಾಕ್ಯದ ಅಚ್ಚು ಕೊಡದೆ, ವೇಳಾಪಟ್ಟಿ, ನಕಾಶೆ ಮುಂತಾದವುಗಳ ಮೇಲೆ ಬಿಡಿಸಬೇಕಾದ ಸಮಸ್ಯೆ ಕೊಡುವುದು. ಅದನ್ನು ಬಿಡಿಸುವ ಭರದಲ್ಲಿ ಭಾಷೆ ತಾನಾಗಿ ಬರುತ್ತದೆ. ಜಗತ್ತಿನ ಭಾಷಾಶಿಕ್ಷಕರೆಲ್ಲ ಅದನ್ನು ಬೆಂಗಳೂರು ಪ್ರಯೋಗವೆಂದೇ ಕರೆದರು. ಇಂಥ ಹೊಸ ಪದ್ಧತಿ ಕೊಟ್ಟವರೇ 1990ರಲ್ಲಿ, ಅತ್ಯುತ್ತಮ ಪದ್ಧತಿ ಎಂಬುದಿಲ್ಲ, ಏಕೆ ಎಂದು ಕೇಳುವ ಲೇಖನ ಬರೆದರು. ಯಾವ ಪದ್ಧತಿ ಶ್ರೇಷ್ಠ ಎಂಬುದಕ್ಕಿಂತ, ಕಲಿಸುವವನ ತಿಳಿವಳಿಕೆ ಜೀವಂತವಾಗಿದೆಯೋ ಯಾಂತ್ರಿಕವಾಗಿದೆಯೋ ಎಂಬುದು ಅಲ್ಲಿ ಮುಖ್ಯ. ಅದನ್ನು ಓದಿದ ದಿನ ನನ್ನ ನೆಮ್ಮದಿ ಕೆಟ್ಟಿತು.

ಆದರೂ ಒಂದು ಗಂಟು ಬಿಚ್ಚುವುದಿಲ್ಲ. ಅಗತ್ಯವಿಲ್ಲದೆ ಭಾಷೆ ಬರುವುದಿಲ್ಲ, ಇದು ನಿಜ. ಸಂತೆಗೆ ಬರುವ ಮರಾಠಿ ವ್ಯಾಪಾರಿ ನಾಲ್ಕು ವಾರದಲ್ಲಿ ಕನ್ನಡ ಕಲಿಯುತ್ತಾನೆ, ಹೊಟ್ಟೆ ಕಲಿಸುತ್ತದೆ. ಹಾಗಾದರೆ ಮಗುವಿನ ಅಗತ್ಯವನ್ನು ತಡೆಹಿಡಿದು ಭಾಷೆ ಹೊರಡಿಸುವುದು ತಪ್ಪೇ? ಪೆನ್ನಿನ ವಿಷಯದಲ್ಲಿ ನಾನು ಮಾಡಿದ್ದು ಪಾಠವಾಯಿತು. ಆ ಮಧ್ಯಾಹ್ನ ಮಾಡಿದ್ದು ಸುಂಕ ವಸೂಲಿಯಾಯಿತು. ಎರಡರಲ್ಲೂ ನಾನಾಡಿದ ಮಾತು ಒಂದೇ. ಮಗು ಸೋತರೂ ನಷ್ಟವಾಗದಂಥ ವಸ್ತುವನ್ನು ಮಾತ್ರ ತಡೆಹಿಡಿಯಬಹುದೆಂದು ಈಗ ನನಗೆ ತೋರುತ್ತದೆ. ಆದರೆ ಯಾವ ಮಗುವಿಗೆ ಯಾವುದು ನಷ್ಟವೆಂದು ವೇದಿಕೆಯ ಮೇಲೆ ನಿಂತವನಿಗೆ ಹೇಗೆ ಗೊತ್ತಾಗಬೇಕು?

ವಿನಾಯಕ ಕೃಷ್ಣ ಗೋಕಾಕರ ನೆನಪಾಗುತ್ತದೆ. ಹೆಸರಿನಲ್ಲಿ ನಮ್ಮೂರಿದ್ದರೂ ಅವರು ಹುಟ್ಟಿದ್ದು ಸವಣೂರಿನಲ್ಲಿ. ಇಂಗ್ಲಿಷ್ ಪ್ರಾಧ್ಯಾಪಕರು, ಇಂಗ್ಲಿಷ್ ಕಲಿಸುವವರನ್ನು ತಯಾರು ಮಾಡಲು ಹೈದರಾಬಾದಿನಲ್ಲಿ 1958ರಲ್ಲಿ ಹುಟ್ಟಿದ ಕೇಂದ್ರ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅದೇ ಗೋಕಾಕರ ಸಮಿತಿ 1981ರಲ್ಲಿ, ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಲಿ ಎಂದಿತು. ಇದರಲ್ಲಿ ವಿರೋಧ ಕಂಡವರುಂಟು, ನನಗೆ ಕಾಣುವುದಿಲ್ಲ. 2007ರಿಂದ ಸರಕಾರಿ ಕನ್ನಡ ಶಾಲೆಗಳಲ್ಲೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ. ಬರಲಿ. ಎಳೆಯ ಮಕ್ಕಳು ಎದ್ದು ನಿಂತು ಕೇಳುವ ಮೊದಲ ಮಾತು ಯಾವುದೆಂದು ಮಾತ್ರ ನನಗೆ ಗೊತ್ತು.

ಹೋದ ವರ್ಷ ಮೂಡಲಗಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸೊಬ್ಬಳು, "ಸರ, ನನ್ನ ಗುರ್ತು ಸಿಗಲಿಲ್ಲೇನ್ರಿ?" ಎಂದಳು. ಊರ ಹೆಸರು ಹೇಳಿದ ಮೇಲೆ ಸಿಕ್ಕಿತು. ನಾನು ಬಾಯಿ ತೆರೆಯುವ ಮೊದಲೇ, "ನನ್ನ ಮೊಮ್ಮಗ ಐದನೇತ್ತಾ ಅದಾನ್ರಿ. ಇಂಗ್ಲಿಷ್ ಹತ್ತಂಗಿಲ್ಲ. ನೀವs ಹೇಳಿಕೊಡ್ರಿ. ಬಿಗಿ ಮಾಡಿ ಹೇಳ್ರಿ, ಸರ" ಎಂದಳು. ಮೆಂತೆಯ ಎರಡು ಸಿವುಡು ಕೈಗಿಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ. ನಲವತ್ತು ವರ್ಷದ ಹಿಂದೆ ಕಟ್ಟೆಯ ಮೇಲೆ ಹೇಳಬೇಕಾಗಿದ್ದ ಮಾತು ಆ ಗದ್ದಲದಲ್ಲಿಯೂ ಹೊರಬೀಳಲಿಲ್ಲ.

ಹುಡುಗ ರವಿವಾರ ಬರುತ್ತಾನೆ. ಚುರುಕಾಗಿದ್ದಾನೆ. 'ಹಿ' ಬಂದಾಗ 'ಡಸ್' ಎನ್ನುವುದು ಇನ್ನೂ ಕೂಡಿಲ್ಲ. ನಡುನಡುವೆ ಹೇಳದೆ ಕೇಳದೆ ಎದ್ದು ಹೊರಗೆ ಹೋಗಿಬಿಡುತ್ತಾನೆ.