ಹೊರಗೆ ನಿಂತ ಮಗು

ನಸುಕಿನಲ್ಲೇ ಎದ್ದು ಮಗಳನ್ನು ಹಿನಕಲ್‌ನಿಂದ ಸರಸ್ವತಿಪುರಂ ಈಜುಕೊಳಕ್ಕೆ ಸ್ಕೂಟರಿನಲ್ಲಿ ಕರೆದೊಯ್ಯುವ ತಂದೆಯ ಶ್ರಮ ಸಣ್ಣದಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಈಜಿದ ಬೆಂಗಳೂರಿನ ನಿಶಾ ಮಿಲೆಟ್ ಅವರಂಥವರ ಹಿಂದೆ ಮನೆಯವರ ತ್ಯಾಗ ಇದ್ದೇ ಇರುತ್ತದೆ. ಪ್ರತಿಭೆ ದೇವರ ವರ, ಅದನ್ನು ಹೂತಿಡಬಾರದು.

ಆದರೆ ಆ ತ್ಯಾಗ ಯಾರದು? ಊಟದ ಹೊತ್ತು, ರಜೆ, ಉಳಿತಾಯ, ಭಾನುವಾರದ ಬಲಿಪೂಜೆ ಎಲ್ಲವೂ ಒಬ್ಬಳ ಅಭ್ಯಾಸಕ್ಕೆ ತಕ್ಕಂತೆ ನಡೆದಾಗ, ಅವಳ ತಮ್ಮನ ಪಾಲೂ ಅವನನ್ನು ಕೇಳದೆಯೇ ಖರ್ಚಾಗಿರುತ್ತದೆ. ತಾನಾಗಿ ಕೊಟ್ಟದ್ದು ತ್ಯಾಗ. ಕೇಳದೆ ತೆಗೆದುಕೊಂಡದ್ದು ತ್ಯಾಗವಲ್ಲ.

ಆಟ ಮನಸ್ಸಿಗೆ ವಿಶ್ರಾಂತಿ, ಅದಕ್ಕೂ ಮಿತಿ ಬೇಕು ಎಂದು 13ನೆಯ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಮನೆಯ ವಿಶ್ರಾಂತಿಯನ್ನೇ ನುಂಗುವ ಆಟ ಬರೀ ದುಡಿಮೆಯಾಗುತ್ತದೆ.

ದುಂದುಗಾರ ಮಗನ ಸಾಮತಿಯನ್ನು ನೆನೆಯಿರಿ. ತಂದೆ ಕಿರಿಯನಿಗಾಗಿ ಹಬ್ಬ ಮಾಡಿದ. ಮುನಿದು ಹೊರಗೆ ನಿಂತ ಹಿರಿಯನ ಬಳಿಗೂ ತಾನೇ ಎದ್ದು ಹೋದ. ಹಬ್ಬ ನಿಲ್ಲಿಸಲಿಲ್ಲ, ಅವನನ್ನು ಮರೆಯಲೂ ಇಲ್ಲ. ನೀವೂ ವಾರಕ್ಕೊಂದು ಸಂಜೆ ಆಟದ ಮಾತು ಬದಿಗಿಟ್ಟು ಎಲ್ಲರೂ ಒಟ್ಟಿಗೆ ಉಣ್ಣಿರಿ, ಪ್ರಾರ್ಥಿಸಿರಿ. ಹೊರಗೆ ನಿಂತ ಮಗುವಿನ ಮಾತನ್ನೂ ಕೇಳಿರಿ. ಪದಕ ಬರಲಿ, ಬಾರದಿರಲಿ, ಮಕ್ಕಳಿಬ್ಬರಿಗೂ ಮರಳಿ ಬರಲು ಮನೆಯೊಂದು ಇರಬೇಕಲ್ಲವೇ?