ಅರಿವಿನ ಕರಣವೇ ಕೆಟ್ಟಾಗ

ಅರಿವೇ ಆಚಾರಕ್ಕೆ ಮೂಲವೆಂಬುದು ಶರಣರ ನಿಲುವು. ಅರಿತೂ ತಪ್ಪಿ ನಡೆದವನನ್ನು ಎಚ್ಚರಿಸುವುದು ನ್ಯಾಯವೇ ಸರಿ. ಆದರೆ ಅರಿವಿಗೆ ಆಸರೆಯಾದ ಕರಣವೇ ರೋಗಕ್ಕೆ ತುತ್ತಾದರೆ, ಆ ಮನುಷ್ಯನ ನಡೆನುಡಿಗಳಿಗೆ ಹೊಣೆ ಯಾರು? ಗೃಹಸ್ಥರಾದವರು ಅವಶ್ಯವಾಗಿ ವಿಚಾರಿಸಬೇಕಾದ ಪ್ರಶ್ನೆಯಿದು.

ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ನೆಲಸಿರುವ, ಐವತ್ತೈದರ ಪ್ರಾಯದ ಸದ್ಭಕ್ತನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಆತನು ಮಿತಭಾಷಿ, ಲೆಕ್ಕದಲ್ಲಿ ಶುದ್ಧ. ಎರಡು ವರ್ಷಗಳೊಳಗೆ ಅವನ ಸ್ವಭಾವವೇ ಮಾರ್ಪಡುತ್ತದೆ. ಅತಿಥಿಗಳ ಮುಂದೆ ಆಡಬಾರದುದನ್ನು ಆಡುತ್ತಾನೆ. ಹಣವನ್ನು ಕಂಡಕಂಡವರಿಗೆ ಕೊಡುತ್ತಾನೆ. ಮಡದಿ ಜ್ವರದಿಂದ ಮಲಗಿದರೂ ವಿಚಾರಿಸುವುದಿಲ್ಲ. ಇಷ್ಟಲಿಂಗಪೂಜೆಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಾನೆ. ನೆನಪು ಮಾತ್ರ ಬಹುಮಟ್ಟಿಗೆ ಮೊದಲಿನಂತೆಯೇ ಇದೆ. ಆದುದರಿಂದ ಮನೆಯವರು ‘ಸೊಕ್ಕು’ ಎನ್ನುತ್ತಾರೆ, ನೆಂಟರು ‘ಭಕ್ತಿ ಕೆಟ್ಟಿತು’ ಎನ್ನುತ್ತಾರೆ.

ವೈದ್ಯಶಾಸ್ತ್ರದಲ್ಲಿ ಇಂತಹ ಸ್ಥಿತಿಗೆ ಫ್ರಂಟೊಟೆಂಪೊರಲ್ ಡಿಮೆನ್ಶಿಯ ಎಂಬ ಹೆಸರಿದೆ. ಹಣೆಯ ಹಿಂಬದಿಯ ಮತ್ತು ಕಿವಿಗಳ ಪಕ್ಕದ ಮೆದುಳಿನ ಭಾಗಗಳು ಇದರಲ್ಲಿ ಕ್ರಮೇಣ ಸವೆಯುತ್ತವೆ. ನಾಲಗೆಯನ್ನು ತಡೆಯುವ, ಪರರ ನೋವನ್ನು ತಿಳಿಯುವ, ಫಲಾಫಲಗಳನ್ನು ತೂಗುವ ಶಕ್ತಿಗಳಿಗೆ ಆ ಭಾಗಗಳು ಆಧಾರ. ತಾನು ಬದಲಾಗಿರುವೆನೆಂಬ ತಿಳಿವೂ ರೋಗಿಗೆ ಅನೇಕ ವೇಳೆ ಇರುವುದಿಲ್ಲ. ಮರೆವಿನ ರೋಗವೆಂದು ಪ್ರಸಿದ್ಧವಾದ ಅಲ್ಜೈಮರ್ ಕಾಯಿಲೆಯೂ ಮರೆವಿನಿಂದಲೇ ತೊಡಗಬೇಕೆಂದಿಲ್ಲ. ಜರ್ಮನಿಯ ವೈದ್ಯ ಆಲೋಯಿಸ್ ಅಲ್ಜೈಮರ್ 1906ರಲ್ಲಿ ವಿವರಿಸಿದ ಮೊದಲ ರೋಗಿಯಲ್ಲಿ ಮೊದಲು ಕಂಡುದು ಪತಿಯ ಮೇಲಿನ ಶಂಕೆ. ಆಕೆಯ ಮರಣಾನಂತರ ಮೆದುಳನ್ನು ಪರೀಕ್ಷಿಸಿದಾಗ ವಿಕಾರವು ಕಣ್ಣಿಗೆ ಕಂಡಿತು.

ಹಾಗಾದರೆ ದುರ್ನಡತೆಯೆಲ್ಲವೂ ರೋಗವೇ? ಅಲ್ಲ. ಬಾಳಿನುದ್ದಕ್ಕೂ ಬೆಳೆದುಬಂದ ದುರ್ಗುಣ ಬೇರೆ, ಸಜ್ಜನನೊಬ್ಬನಲ್ಲಿ ನಡುವಯಸ್ಸಿನಲ್ಲಿಯೋ ಮುಪ್ಪಿನಲ್ಲಿಯೋ ಹೊಸತಾಗಿ ತಲೆದೋರಿದ ವಿಪರೀತ ಬೇರೆ. ಎರಡನೆಯದನ್ನು ಕಂಡಾಗ ತೀರ್ಪಿಗಿಂತ ಮೊದಲು ಪರೀಕ್ಷೆಯಾಗಬೇಕು. ಅದಕ್ಕಾಗಿ ದಕ್ಷಿಣ ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ ರೂಪುಗೊಂಡಿತು. ಮನಸ್ಸಿಗೂ ನರಗಳಿಗೂ ಅಲ್ಲಿ ಒಂದೇ ಆವರಣದಲ್ಲಿ ಚಿಕಿತ್ಸೆಯುಂಟು.

ಪರೀಕ್ಷೆಯಿಂದ ಪ್ರತ್ಯಕ್ಷ ಫಲವೂ ಇದೆ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ತಲೆಗೆ ಪೆಟ್ಟಾದ ಮೇಲೆ ಮೆಲ್ಲನೆ ಹೆಪ್ಪುಗಟ್ಟಿದ ರಕ್ತ, ಬಿ-12 ಜೀವಸತ್ವದ ಕೊರತೆ, ಇವುಗಳಿಂದಲೂ ಬುದ್ಧಿ ಮಸುಳುತ್ತದೆ. ಸಕಾಲದಲ್ಲಿ ಗುರುತಿಸಿದರೆ ಇವಕ್ಕೆ ಚಿಕಿತ್ಸೆಯಿದೆ. ಬಿ-12 ಸಸ್ಯಾಹಾರಿಗಳಿಗೆ ಮುಖ್ಯವಾಗಿ ಹಾಲುಮೊಸರಿನಿಂದ ದೊರೆಯುವುದರಿಂದ, ಶಾಕಾಹಾರಿ ಮನೆಗಳಲ್ಲಿ ಈ ಎಚ್ಚರ ವಿಶೇಷವಾಗಿ ಬೇಕು. ಅಲ್ಜೈಮರ್ ಮೊದಲಾದ ಸವೆತದ ರೋಗಗಳನ್ನು ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಭಾರತದಲ್ಲಿ ಅರುವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನರು ಡಿಮೆನ್ಶಿಯದಿಂದ ಬಳಲುತ್ತಿರುವರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ಮದ್ದಿಲ್ಲದೆಡೆಯಲ್ಲಿ ಧರ್ಮದ ಹೊಣೆ ಹೆಚ್ಚುತ್ತದೆ. ತನ್ನನ್ನು ತಿದ್ದಿಕೊಳ್ಳುವ ಶಕ್ತಿಯಿದ್ದವನಿಗೆ ಬೋಧೆ ಸಲ್ಲುತ್ತದೆ. ಆ ಶಕ್ತಿಯೇ ಉಡುಗಿದವನಿಗೆ ಬೈಗುಳವು ಹಿಂಸೆಯಷ್ಟೇ. ಪೂಜೆಯ ಕ್ರಮ ಮರೆತವನು ವ್ರತಭ್ರಷ್ಟನಲ್ಲ. ಗುರುಕರುಣೆಯಿಂದ ಬಂದ ಲಿಂಗವು ಅವನ ಅಂಗದ ಮೇಲಿದೆ. ಅವನ ಕೈ ತಡವರಿಸಿದರೆ ಮಗನ ಕೈ ನೆರವಾಗಲಿ. ಕರುಣೆಯೆಂದರೆ ಅವನನ್ನು ಮನಬಂದಂತೆ ಬಿಡುವುದೂ ಅಲ್ಲ. ಹಣದ ವ್ಯವಹಾರವನ್ನೂ ವಾಹನದ ಕೀಲಿಯನ್ನೂ ಮನೆಯವರು ವಹಿಸಿಕೊಳ್ಳಬೇಕು. ಈ ಭಾರವೆಲ್ಲವೂ ಸೊಸೆಯೊಬ್ಬಳ ಅಥವಾ ಮಡದಿಯೊಬ್ಬಳ ಹೆಗಲಿಗೆ ಬೀಳಬಾರದು. ಆರೈಕೆಯನ್ನು ಎಲ್ಲರೂ ಹಂಚಿಕೊಂಡಾಗಲೇ ಅದು ದಾಸೋಹ; ಒಬ್ಬಳ ಮೇಲೆ ಹೊರಿಸಿದರೆ ಅದು ಮತ್ತೊಂದು ಅನ್ಯಾಯ.

ಅರಿವುಳ್ಳವರ ಆಚಾರಕ್ಕೆ ಒರೆಗಲ್ಲು ಅರಿವುಗುಂದಿದವರೊಡನೆ ಅವರು ನಡೆದುಕೊಳ್ಳುವ ರೀತಿಯೇ ಆಗಿದೆ. ಹಿರಿಯನು ತನ್ನ ಹೆಸರನ್ನೇ ಮರೆತರೂ ಮನೆಯವರು ಅವನನ್ನು ಗೌರವದಿಂದ ಕರೆಯುತ್ತಿದ್ದರೆ, ಆ ಮನೆಯಲ್ಲಿ ಆಚಾರವು ಅಳಿದಿಲ್ಲವೆಂದು ತಿಳಿಯಬೇಕು.